ಜುಲೈ 1ಕ್ಕೆ ಮುನ್ನ ಬಾರಿನ ಬಾಗಿಲಾಚೆ ಒಮ್ಮೆ ನಿಂತು ನೋಡಿ

ಜಿಲ್ಲಾಧಿಕಾರಿಗಳಿಗೆ, ಪೊಲೀಸ್ ಆಯುಕ್ತರಿಗೆ ಮತ್ತು ವರಿಷ್ಠಾಧಿಕಾರಿಗಳಿಗೆ, ಅಬಕಾರಿ ಉಪ ಆಯುಕ್ತರಿಗೆ, ನಗರ ಸ್ಥಳೀಯ ಸಂಸ್ಥೆಗಳು ಹಾಗೂ ಗ್ರಾಮ ಪಂಚಾಯಿತಿಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ರಿಂದ ಹೊಸ ಸನ್ನದು, ಅಂದರೆ ಮದ್ಯ ಮಾರುವ ಲೈಸೆನ್ಸು. ಅದಕ್ಕೆ ಮುಂಚಿನ ವಾರಗಳಲ್ಲಿ ನವೀಕರಣದ ಕಡತಗಳು ನಿಮ್ಮ ಮೇಜಿನ ಮೇಲೆ ಅಡಕಿಲು ಬೀಳುತ್ತವೆ. ಶುಲ್ಕ ಕಟ್ಟಿದ್ದಾರೆಯೇ, ಕಟ್ಟಡದ ಬಾಡಿಗೆ ಕರಾರು ಇದೆಯೇ, ಹಳೇ ಬಾಕಿ ಉಳಿದಿದೆಯೇ ಎಂದು ನೋಡಲಾಗುತ್ತದೆ. ಕಳೆದ ಹನ್ನೆರಡು ತಿಂಗಳಲ್ಲಿ ಆ ಅಂಗಡಿಯ ಮುಂದೆ ಎಷ್ಟು ಹೊಡೆದಾಟ ನಡೆದವು, ಯಾವ ಹೊತ್ತಿನಲ್ಲಿ, ಯಾಕೆ ಎಂಬ ಒಂದು ಹಾಳೆ ಮಾತ್ರ ಆ ಕಡತದಲ್ಲಿ ಇರುವುದಿಲ್ಲ. ಈ ಪತ್ರ ಆ ಒಂದು ಹಾಳೆಯ ಬಗ್ಗೆ.

ಮದ್ಯ ಇರಬೇಕೋ ಬೇಡವೋ ಎಂಬುದು ಬೇರೆಯೇ ಪ್ರಶ್ನೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ನಡೆದುಬಂದು ಅದನ್ನು ಕೇಳಿದ್ದಾರೆ. ಉತ್ತರ ಕೊಡಬೇಕಾದ್ದು ವಿಧಾನಸೌಧ. ನಾವು ಕೇಳುತ್ತಿರುವುದು ಅದಕ್ಕಿಂತ ಸಣ್ಣದು, ನಿಮ್ಮ ಕೈಯಳತೆಯಲ್ಲೇ ಇರುವುದು. ಸನ್ನದು ಕೊಟ್ಟದ್ದಾಯಿತು, ಅಂಗಡಿ ನಡೆಯುತ್ತಿದೆ. ಅದರ ಬಾಗಿಲಿನಿಂದ ಐವತ್ತು ಮೀಟರ್ ಆಚೆಯವರೆಗಿನ ಜಾಗಕ್ಕೆ ಯಾರು ಹೊಣೆ?

ಈ ಪ್ರಶ್ನೆ ಏಕೆಂದರೆ, ಜಗಳ ಹೆಚ್ಚಾಗಿ ಬಾರಿನ ಒಳಗೆ ಶುರುವಾದರೂ ಏಟು ಬೀಳುವುದು ಹೊರಗೆ. ಕೌಂಟರಿನ ಕಿಂಡಿ, ಮೆಟ್ಟಿಲು, ಬೈಕ್ ನಿಲ್ಲಿಸುವ ಜಾಗ, ಎದುರಿನ ಆಮ್ಲೆಟ್ ಗಾಡಿ, ಪಕ್ಕದ ಖಾಲಿ ಸೈಟು, ಮೋರಿಯ ಕಟ್ಟೆ. ಹೊತ್ತೂ ಹೆಚ್ಚುಕಮ್ಮಿ ಗೊತ್ತಿರುವುದೇ: ಷಟರ್ ಎಳೆಯುವ ಮುಂಚಿನ ಒಂದು ಗಂಟೆ, ಎಳೆದ ಮೇಲಿನ ಅರ್ಧ ಗಂಟೆ. ದಿನಗಳೂ ಗೊತ್ತು. ಬಟವಾಡೆಯ ದಿನ, ಸಂತೆಯ ದಿನ, ಶನಿವಾರ, ಗಣೇಶನನ್ನು ಬಿಡುವ ದಿನ, ದೊಡ್ಡ ಕ್ರಿಕೆಟ್ ಪಂದ್ಯದ ದಿನ. ಇಷ್ಟೆಲ್ಲ ಮೊದಲೇ ಗೊತ್ತಿರುವ ಅಪರಾಧ ಪೊಲೀಸರಿಗೆ ಇನ್ನೊಂದು ಸಿಗಲಾರದು. ಆದರೂ ಪ್ರತಿಸಲ ಏಟು ಬಿದ್ದ ಮೇಲೆ ಜೀಪು ಬರುತ್ತದೆ.

ಮೊದಲು ಸಿಎಲ್-2 ನೋಡೋಣ. ಜನ ವೈನ್ಸ್, ವೈನ್‌ಶಾಪ್ ಎನ್ನುವ ಚಿಲ್ಲರೆ ಅಂಗಡಿ. ಸೀಲು ಒಡೆಯದ ಬಾಟಲಿ ಮಾರಬೇಕು, ಅಲ್ಲಿ ಕುಡಿಸುವಂತಿಲ್ಲ. ಹೆಚ್ಚಿನ ಕಡೆ ಇರುವುದು ಕಬ್ಬಿಣದ ಸರಳಿನ ನಡುವೆ ಒಂದೇ ಕಿಂಡಿ. ರಾತ್ರಿ ಒಂಬತ್ತೂವರೆಯ ಮೇಲೆ ಆ ಕಿಂಡಿಯೊಳಗೆ ಒಮ್ಮೆಗೇ ಆರೇಳು ಕೈ ತೂರುತ್ತವೆ. ‘ನಾನು ಮೊದಲು ಬಂದಿದ್ದು’ ಎಂಬುದು ಒಂದು ಜಗಳ. ಎಂಆರ್‌ಪಿಗಿಂತ ಐದೋ ಹತ್ತೋ ಹೆಚ್ಚು ಕೇಳಿದರು ಎಂಬುದು ಎರಡನೆಯದು. ಮೂರನೆಯದು ಈಚಿನದು: ಫೋನಿನಲ್ಲಿ ದುಡ್ಡು ಹೋಯಿತೋ ಇಲ್ಲವೋ ಎಂಬುದು. ಗಿರಾಕಿಯ ಪರದೆಯಲ್ಲಿ ಹಣ ಕಳೆದಿದೆ, ಕ್ಯಾಷಿಯರ್‌ನ ಪೆಟ್ಟಿಗೆ ಮಾತಾಡಿಲ್ಲ, ಹಿಂದೆ ನಿಂತವರು ಬಯ್ಯುತ್ತಿದ್ದಾರೆ. ನೋಡನೋಡುತ್ತ ತಳ್ಳಾಟ.

ಇದಕ್ಕೆ ಪರಿಹಾರ ಪೊಲೀಸರ ಲಾಠಿಯಲ್ಲ, ವೆಲ್ಡಿಂಗ್ ಅಂಗಡಿಯ ಕೆಲಸ. ಕಿಂಡಿ ಎರಡಾಗಬೇಕು, ನಡುವೆ ಕನಿಷ್ಠ ಆರಡಿ ಅಂತರ. ಒಂದರಲ್ಲಿ ದುಡ್ಡು ಕೊಟ್ಟು ಚೀಟಿ ಪಡೆಯುವುದು, ಇನ್ನೊಂದರಲ್ಲಿ ಮಾಲು ಪಡೆದು ಎದುರು ದಿಕ್ಕಿಗೆ ಹೊರನಡೆಯುವುದು. ಬಂದವನು ಬಂದ ದಾರಿಯಲ್ಲೇ ವಾಪಸಾದರೆ ಸಾಲು ಎಂದಿಗೂ ಸಾಲಾಗಿ ಉಳಿಯದು. ಸಾಲಿಗೆ ಸೊಂಟದೆತ್ತರದ ಪೈಪ್ ಕಟಾಂಜನ ಹಾಕಿಸಿ, ಅಗಲ ಎರಡೂಮುಕ್ಕಾಲು ಅಡಿ ಮೀರದಿರಲಿ. ಮೂರೂವರೆ ಅಡಿಯಾದರೆ ಇಬ್ಬರು ಅಕ್ಕಪಕ್ಕ ನುಗ್ಗುತ್ತಾರೆ, ಕಟಾಂಜನವೇ ಜಗಳದ ಕಣವಾಗುತ್ತದೆ. ಕಟಾಂಜನ ಅಂಗಡಿಯ ಸ್ವಂತ ಜಾಗದಲ್ಲಿರಬೇಕೇ ಹೊರತು ಪಾದಚಾರಿ ಮಾರ್ಗದ ಮೇಲಲ್ಲ. ಎಂಆರ್‌ಪಿ ದರಪಟ್ಟಿ ಸಾಲಿನಲ್ಲಿ ನಿಂತವರಿಗೆ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಸಾಲಿನ ಆರಂಭದಲ್ಲೇ ಇರಲಿ. ಕಿಂಡಿಯ ಒಳಗೋಡೆಗೆ ಅಂಟಿಸಿದ ಪಟ್ಟಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಣ ಬಂದದ್ದನ್ನು ಹೇಳುವ ಪೆಟ್ಟಿಗೆಯ ಮುಖ ಗಿರಾಕಿಯ ಕಡೆಗಿರಬೇಕು. ಪಾವತಿ ಕೈಕೊಟ್ಟವನನ್ನು ಸಾಲಿನಿಂದ ಪಕ್ಕಕ್ಕೆ ಕರೆದು ಮಾತಾಡಿಸಲು ಒಬ್ಬ ಆಳು ಬೇಕು. ಮುಚ್ಚುವ ಹೊತ್ತಿಗೆ ಕಾಲು ಗಂಟೆ ಮುಂಚೆ ಅದೇ ಆಳು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು, ಅವನ ಹಿಂದೆ ಯಾರೂ ನಿಲ್ಲುವಂತಿಲ್ಲ. ಮುಂದಿನವರಿಗೆ ಮಾಲು ಸಿಕ್ಕಿಯೇ ಸಿಗುತ್ತದೆ ಎಂಬ ಭರವಸೆ ಇದ್ದರೆ ನೂಕು ನಿಲ್ಲುತ್ತದೆ. ಸಮಯ ಆಯಿತೆಂದು ಮೂವತ್ತು ಜನರ ಮೂಗಿನ ಮುಂದೆ ಷಟರ್ ಎಳೆದರೆ ಆ ಷಟರಿಗೆ ಕಲ್ಲು ಬೀಳುತ್ತದೆ.

ಇನ್ನು ಕೊಂಡವರು ಎಲ್ಲಿ ಕುಡಿಯುತ್ತಾರೆ ಎಂಬ ಪ್ರಶ್ನೆ. ಇದನ್ನು ಯಾವ ಕಚೇರಿಯೂ ಬಾಯಿಬಿಟ್ಟು ಕೇಳುವುದಿಲ್ಲ. 90 ಮಿ.ಲೀ. ಟೆಟ್ರಾ ಪ್ಯಾಕ್ ಕೊಂಡ ಕೂಲಿಯಾಳು ಅದನ್ನು ಮನೆಗೆ ಒಯ್ಯುವುದಿಲ್ಲ, ಬಾರಿನಲ್ಲಿ ಕೂರಲು ಅವನ ಹತ್ತಿರ ದುಡ್ಡಿಲ್ಲ. ಹಾಗಾಗಿ ಬೈಕಿನ ಸೀಟೇ ಮೇಜು, ಶಾಲೆಯ ಜಗಲಿಯೇ ಕುರ್ಚಿ, ಕೆರೆ ಏರಿಯೇ ಬಾರು. ಅಬಕಾರಿ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದಕ್ಕೆ ತಡೆ ಇದೆ. ಠಾಣೆಗಳು 15(ಎ) ಮತ್ತು 32(3)ರಡಿ ಕೇಸು ಹಾಕುತ್ತಲೇ ಇರುತ್ತವೆ: ‘ಮದ್ಯ ಸೇವನೆಗೆ ಸ್ಥಳಾವಕಾಶ ಮಾಡಿಕೊಟ್ಟ’ ಎಂಬ ಒಕ್ಕಣೆ, ನಾಲ್ಕು ಖಾಲಿ ಪ್ಯಾಕು, ಎರಡು ಲೋಟ, ಒಂದು ನೀರಿನ ಬಾಟಲಿ ಜಪ್ತಿ. ಆ ಗೂಡಂಗಡಿಯವನು ಮರುದಿನ ಮತ್ತೆ ಅಲ್ಲೇ. ಬರೀ ಓಡಿಸಿದರೆ ಕುಡಿಯುವವರು ಈ ಸೈಟಿನಿಂದ ಆ ಸೈಟಿಗೆ ಹೋಗುತ್ತಾರೆ, ಅಷ್ಟೇ. ಆ ಎರಡನೇ ಸೈಟು ಮೊದಲಿನದಕ್ಕಿಂತ ಕತ್ತಲಾಗಿರುತ್ತದೆ.

ಕೆಲಸ ಮಾಡುವ ದಾರಿ ಲೋಟದ್ದು. ಬಯಲಲ್ಲಿ ಕುಡಿಯಲು ಮದ್ಯವೊಂದೇ ಸಾಲದು; ಲೋಟ, ನೀರು, ನಂಚಿಕೊಳ್ಳಲು ಏನಾದರೂ ಬೇಕು. ಈ ಮೂರೂ ಸಿಗುವುದು ವೈನ್ಸಿನ ಅಕ್ಕಪಕ್ಕದ ಎರಡು ಮೂರು ಅಂಗಡಿಗಳಲ್ಲಿ. ಏಕಬಳಕೆಯ ಪ್ಲಾಸ್ಟಿಕ್ ಲೋಟ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಕರ್ನಾಟಕ ಅದಕ್ಕೂ ಮುಂಚೆ 2016ರಲ್ಲೇ ನಿಷೇಧಿಸಿತ್ತು. ಅಂದರೆ ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ಆ ಲೋಟದ ಕಟ್ಟನ್ನು ಜಪ್ತಿ ಮಾಡಿ ದಂಡ ಹಾಕಲು ಅಬಕಾರಿಯವರೂ ಬೇಡ, ಪೊಲೀಸರೂ ಬೇಡ. ವಾರಕ್ಕೆ ಎರಡು ಸಲ, ಸಂಜೆ ಏಳರ ಮೇಲೆ ಹೋದರೆ ಸಾಕು. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಬಾಳೆಹಣ್ಣು, ಬಿಸ್ಕತ್ತು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಪುರಸಭೆಯ ಈ ಅಧಿಕಾರವನ್ನು ಮದ್ಯದಂಗಡಿಯ ಗಲಾಟೆಗೆ ಜೋಡಿಸಿ ನೋಡಿದ ಊರುಗಳು ಕಡಿಮೆ, ಆದರೆ ಇದರ ಖರ್ಚು ಸೊನ್ನೆ.

ಖಾಲಿ ಸೈಟಿನದೂ ಇದೇ ಕತೆ. ಮಾಲೀಕರು ಬೇರೆ ಊರಿನಲ್ಲಿರುತ್ತಾರೆ, ಮುಳ್ಳುಕಂಟಿ ಬೆಳೆದಿರುತ್ತದೆ, ಒಳಗೆ ಒಡೆದ ಬಾಟಲಿ. ಸ್ಥಳೀಯ ಸಂಸ್ಥೆ ನೋಟಿಸು ಕೊಟ್ಟು ಬೇಲಿ ಹಾಕಿಸಬಹುದು. ಹಾಕದಿದ್ದರೆ ತಾನೇ ಸ್ವಚ್ಛಗೊಳಿಸಿ ಖರ್ಚನ್ನು ವಸೂಲು ಮಾಡಬಹುದು. ಅದೂ ಆಗದೆ ಜನರಿಗೆ ನಿತ್ಯ ಉಪದ್ರವವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಉಪದ್ರವ ತೆಗೆಯಲು ಷರತ್ತಿನ ಆದೇಶ ಹೊರಡಿಸಬಹುದು. ಹಿಂದಿನ ಸಿಆರ್‌ಪಿಸಿ 133 ಇದೇ. ತಹಶೀಲ್ದಾರರು ಇದನ್ನು ಚರಂಡಿಗೆ, ಇಟ್ಟಿಗೆ ಗೂಡಿಗೆ ಬಳಸಿದ್ದಾರೆ. ಕುಡಿತದ ಅಡ್ಡೆಗೆ ಬಳಸಿದ್ದು ವಿರಳ.

ಬೆಳಕಿನ ಬಗ್ಗೆ ಒಂದು ಮಾತು. ಮುಚ್ಚಿದ ಕೂಡಲೇ ಅಂಗಡಿಯವರು ಎಲ್ಲ ದೀಪ ಆರಿಸಿಬಿಡುತ್ತಾರೆ. ಅಂಗಡಿ ಮುಚ್ಚಿದೆ ಎಂದು ಅಬಕಾರಿಯವರಿಗೆ ತೋರಿಸುವ ಆತುರ. ಆದರೆ ಏಟು ಬೀಳುವ ಅರ್ಧ ಗಂಟೆ ಶುರುವಾಗುವುದೇ ಆಗ. ಹೆಸರಿನ ಫಲಕ ಆರಲಿ, ಬಾಗಿಲ ಮೇಲಿನ ಮತ್ತು ವಾಹನ ನಿಲ್ದಾಣದ ದೀಪ ಮುಕ್ಕಾಲು ಗಂಟೆ ಉರಿಯಲಿ ಎಂದು ಷರತ್ತಿನಲ್ಲೇ ಬರೆಯಿರಿ. ಹತ್ತು ಮೀಟರ್ ದೂರದಲ್ಲಿ ನಿಂತವನ ಮುಖ ಗುರುತು ಹಿಡಿಯಲು ಆದರೆ ಬೆಳಕು ಸಾಕು. ಕಣ್ಣಿಗೆ ಹೊಡೆಯುವ ಹಾಗೆ ಅಡ್ಡಕ್ಕೆ ತಿರುಗಿಸಿದ ಫ್ಲಡ್‌ಲೈಟ್ ಕತ್ತಲೆಗಿಂತ ಕೆಟ್ಟದ್ದು, ಏಕೆಂದರೆ ಅದರ ಹಿಂದೆ ನಿಂತವನು ಕಾಣುವುದೇ ಇಲ್ಲ.

ಕೂತು ಕುಡಿಯುವ ಕಡೆ, ಅಂದರೆ ಸಿಎಲ್-9 ಬಾರ್ ಆಂಡ್ ರೆಸ್ಟೋರೆಂಟ್ ಮತ್ತು ಸಿಎಲ್-7 ಲಾಡ್ಜುಗಳಲ್ಲಿ ತೊಂದರೆಯ ಸ್ವರೂಪ ಬೇರೆ. ತಾಲ್ಲೂಕು ಕೇಂದ್ರಗಳಲ್ಲಿ ಬಹಳಷ್ಟು ಬಾರುಗಳು ಮೊದಲ ಮಹಡಿಯಲ್ಲಿವೆ. ಏರಲು ಇಳಿಯಲು ಒಂದೇ ಮೂರಡಿ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಬೈಕುಗಳು. ಮೇಲಿನಿಂದ ತೂರಾಡುತ್ತ ಇಳಿಯುವವನ ಭುಜ ಕೆಳಗಿನಿಂದ ಏರುವವನಿಗೆ ತಾಗುತ್ತದೆ. ಮುಂದೆ ಹೇಳಬೇಕಾದ್ದಿಲ್ಲ. ಮೆಟ್ಟಿಲ ಬುಡದಿಂದ ಮೂರು ಮೀಟರ್ ತನಕ ವಾಹನ ನಿಲ್ಲಿಸದಂತೆ ಬಣ್ಣದ ಗೆರೆ, ಮೆಟ್ಟಿಲ ತುದಿಯಲ್ಲಿ ದೀಪ, ಹಿಡಿದು ಇಳಿಯಲು ಕಂಬಿ. ಕೊನೆಯ ಒಂದು ಗಂಟೆಯಲ್ಲಿ ಬುಡದಲ್ಲಿ ಒಬ್ಬ ಸಿಬ್ಬಂದಿ. ಹೊಸಬರು ಏರುವುದು ಬಂದ್, ಇಳಿಯುವುದು ಮಾತ್ರ.

ಮುಚ್ಚುವುದಕ್ಕೂ ಒಂದು ಕ್ರಮ ಇದೆ. ಅರ್ಧ ಗಂಟೆ ಮುಂಚೆ ಕೊನೆಯ ಆರ್ಡರ್ ಕೂಗಬೇಕು. ಕಾಲು ಗಂಟೆ ಮುಂಚೆ ಹಾಡಿನ ಸದ್ದು ಇಳಿಸಬೇಕು, ಆಮೇಲೆ ದೀಪ ಹೆಚ್ಚಿಸಬೇಕು. ಬಿಲ್ಲನ್ನು ಕೊನೆಗೆ ಎಲ್ಲ ಮೇಜಿಗೂ ಒಮ್ಮೆಗೇ ಕೊಡದೆ ಕೊನೆಯ ಆರ್ಡರಿನ ಜೊತೆಗೇ ಕೊಟ್ಟರೆ ಕ್ಯಾಷ್ ಕೌಂಟರಿನ ಮುಂದೆ ಗುಂಪು ಕಟ್ಟುವುದಿಲ್ಲ. ಅಡುಗೆಮನೆ ಮಾತ್ರ ಕೊನೆವರೆಗೂ ತೆರೆದಿರಲಿ. ಅನ್ನ ಸಾರು ಉಣ್ಣುವವನು ಜಗಳಕ್ಕೆ ಹೋಗುವುದು ಕಡಿಮೆ. ಇದನ್ನು ಬಿಟ್ಟು, ಗಡುವು ಬಂದೊಡನೆ ದೀಪ ಆರಿಸಿ ‘ಎದ್ದೇಳಿ, ಎದ್ದೇಳಿ’ ಎಂದರೆ ಅರವತ್ತು ಜನ ಎರಡು ನಿಮಿಷದಲ್ಲಿ ರಸ್ತೆಗೆ ಬೀಳುತ್ತಾರೆ. ಒಂದೇ ಬೀದಿಯಲ್ಲಿ ನಾಲ್ಕು ಬಾರಿದ್ದರೆ ಲೆಕ್ಕ ಹಾಕಿಕೊಳ್ಳಿ. ಬೆಂಗಳೂರಿನಲ್ಲಿ 2024ರಲ್ಲಿ ವಾರದ ಎಲ್ಲ ದಿನವೂ ರಾತ್ರಿ 1ರವರೆಗೆ ತೆರೆಯಲು ಅನುಮತಿ ಸಿಕ್ಕಿತು. ಆ ಹೊತ್ತಿಗೆ ಬಿಎಂಟಿಸಿ ಬಸ್ಸು ಸಿಗುವುದು ಅಪರೂಪ, ಮೆಟ್ರೋನೂ ಸಾಮಾನ್ಯವಾಗಿ ಇರುವುದಿಲ್ಲ. ಹೊರಬಿದ್ದವರು ಆಟೊ, ಕ್ಯಾಬು ಹಿಡಿಯಲು ಒಂದೇ ಜಾಗದಲ್ಲಿ ಜಗ್ಗಾಡುತ್ತಾರೆ. ಹೊತ್ತು ಹೆಚ್ಚಿಸಿದ ಆದೇಶದ ಜೊತೆಗೇ ಆಟೊ ನಿಲ್ದಾಣದ ಜಾಗವನ್ನೂ ಗುರುತಿಸಬೇಕಿತ್ತು.

ಶೌಚಾಲಯವನ್ನು ಮರೆಯಬೇಡಿ. ನಗಬಹುದು, ಆದರೆ ಪಕ್ಕದ ಮನೆಯ ಗೋಡೆಗೆ ಮೂತ್ರ ಮಾಡಿದ್ದಕ್ಕೇ ಶುರುವಾದ ಹೊಡೆದಾಟಗಳು ಪ್ರತಿ ಠಾಣೆಯಲ್ಲೂ ಸಿಗುತ್ತವೆ.

ಈಗ ಒಳಗಿನ ಸಿಬ್ಬಂದಿ. ಸಪ್ಲೈಯರ್ ಹುಡುಗನಿಗೆ ತಟ್ಟೆ ಹಿಡಿಯುವುದು ಕಲಿಸುತ್ತಾರೆ, ಬೇಡ ಅನ್ನುವುದು ಕಲಿಸುವುದಿಲ್ಲ. ಅಬಕಾರಿ ಕಾಯ್ದೆಯಲ್ಲಿ ಸನ್ನದುದಾರರ ದುರ್ನಡತೆಗೆ ದಂಡ ಹೇಳುವ 36ನೇ ಕಲಂ ಇದೆ. ಆಗಲೇ ಅಮಲೇರಿದವನಿಗೆ ಇನ್ನೂ ಕೊಡುವುದು ಯಾವ ಬಾರಿನ ಮಟ್ಟಿಗೂ ಲಾಭವಲ್ಲ. ಒಡೆದ ಗ್ಲಾಸು, ಕೊಡದ ಬಿಲ್ಲು, ಓಡಿಹೋದ ಇತರ ಗಿರಾಕಿಗಳನ್ನು ಕೂಡಿಸಿ ನೋಡಲಿ. ಬೇಡ ಅನ್ನುವಾಗ ಅವನ ಗೆಳೆಯರ ಮುಂದೆ ಅನ್ನಬಾರದು, ಮಾನದ ಪ್ರಶ್ನೆಯಾಗುತ್ತದೆ. ಗುಂಪಿನಲ್ಲಿ ಕಡಿಮೆ ಕುಡಿದವನನ್ನು ಪಕ್ಕಕ್ಕೆ ಕರೆದು ಅವನ ಮೂಲಕ ಹೇಳಿಸಬೇಕು. ಒಬ್ಬನೇ ಹೋಗಬಾರದು, ಇಬ್ಬರು ಹೋಗಬೇಕು, ಒಬ್ಬ ಮಾತ್ರ ಮಾತಾಡಬೇಕು. ನೀರು, ಊಟ ತಂದಿಟ್ಟು ಹೊತ್ತು ಕಳೆಯಬೇಕು.

ಎರಡು ಗುಂಪು ಕೈಗೆ ಕೈ ಹತ್ತಿದಾಗ ಎಲ್ಲರೂ ಮಾಡುವ ತಪ್ಪು ಒಂದಿದೆ: ಇಬ್ಬರನ್ನೂ ಒಟ್ಟಿಗೇ ಹೊರದಬ್ಬಿ ಷಟರ್ ಅರ್ಧ ಎಳೆಯುವುದು. ಒಳಗೆ ಎರಡು ಏಟಿಗೆ ಮುಗಿಯಬಹುದಾಗಿದ್ದದ್ದು ರಸ್ತೆಯಲ್ಲಿ ಕಲ್ಲು, ಬಾಟಲಿ, ಬೈಕಿನ ಡಿಕ್ಕಿಯಲ್ಲಿಟ್ಟ ರಾಡಿನ ತನಕ ಹೋಗುತ್ತದೆ. ಚಿಕ್ಕ ಗುಂಪನ್ನು ಒಳಗೇ, ಬೇರೆ ಕೋಣೆಯಲ್ಲಿ ಕಾಲು ಗಂಟೆ ಕೂರಿಸಿ; ದೊಡ್ಡ ಗುಂಪನ್ನು ಮೊದಲು ಕಳಿಸಿ, ಅವರು ಬೀದಿ ದಾಟಿದ್ದನ್ನು ಒಬ್ಬ ಕಣ್ಣಾರೆ ನೋಡಲಿ. ಅಷ್ಟರಲ್ಲಿ 112ಕ್ಕೆ ಕರೆ ಹೋಗಿರಬೇಕು. ಹಿಂಬಾಗಿಲು ಇದ್ದರೆ ಎರಡನೇ ಗುಂಪು ಅಲ್ಲಿಂದ ಹೋಗಲಿ. ಇಷ್ಟು ತಿಳಿಯಲು ಯಾವ ಕೋರ್ಸೂ ಬೇಡ, ಅರ್ಧ ದಿನದ ತಾಲೀಮು ಸಾಕು. ಠಾಣಾಧಿಕಾರಿಗಳು ವರ್ಷಕ್ಕೆ ಎರಡು ಸಲ ತಮ್ಮ ವ್ಯಾಪ್ತಿಯ ಸಪ್ಲೈಯರ್, ಕ್ಯಾಷಿಯರ್‌ಗಳನ್ನು ಮಧ್ಯಾಹ್ನ ಮೂರಕ್ಕೆ ಕರೆದು ಹೇಳಿಕೊಡಬಹುದು. ಮಾಲೀಕರನ್ನು ಕರೆದರೆ ಪ್ರಯೋಜನವಿಲ್ಲ, ರಾತ್ರಿ ಅವರು ಅಲ್ಲಿರುವುದಿಲ್ಲ.

ಬೌನ್ಸರ್‌ಗಳ ವಿಚಾರ ನೇರವಾಗಿ ಹೇಳುತ್ತೇವೆ. ಕಾವಲಿನವರನ್ನು ಪೂರೈಸುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆಯಡಿ ಪರವಾನಗಿ ಬೇಕು, ಆಳುಗಳ ಪೂರ್ವಾಪರ ಪರಿಶೀಲನೆ ಆಗಬೇಕು, ತರಬೇತಿ ಆಗಬೇಕು. ಬಾರಿನವರು ಇದನ್ನೆಲ್ಲ ಬಿಟ್ಟು ಏರಿಯಾದಲ್ಲಿ ಹೆಸರಿರುವ ಹುಡುಗರನ್ನೇ ಇಟ್ಟುಕೊಂಡರೆ ಜಗಳ ನಿಲ್ಲಿಸಲು ಜಗಳಗಂಟನನ್ನೇ ಸಂಬಳ ಕೊಟ್ಟು ಸಾಕಿದಂತೆ. ನವೀಕರಣದ ವೇಳೆ ಕಾವಲಿನವರ ಹೆಸರು, ಗುರುತು, ಏಜೆನ್ಸಿಯ ಪರವಾನಗಿ ಸಂಖ್ಯೆ ಕೇಳಿ, ಠಾಣೆಯ ರೌಡಿ ಪಟ್ಟಿಯ ಜೊತೆ ತಾಳೆ ನೋಡಿ. ಎದೆಯ ಮೇಲೆ ಹೆಸರಿನ ಬಿಲ್ಲೆ ಕಡ್ಡಾಯ ಮಾಡಿ. ಹೆಸರು ಕಾಣುವಂತಿದ್ದರೆ ಕೈ ತಡೆಯುತ್ತದೆ.

ಗಾಜಿನ ಬಾಟಲಿ ಕೈಗೆ ಸಿಗುವ ಅಗ್ಗದ ಆಯುಧ. ಖಾಲಿಯಾದ ಬಿಯರ್ ಬಾಟಲಿ ಮೇಜಿನ ಮೇಲೆ ಉಳಿಯಬಾರದು. ಹೊಸದು ಬಂದಾಗ ಹಳೆಯದು ಹೋಗಬೇಕು. ಲೆಕ್ಕಕ್ಕೆಂದು ಖಾಲಿ ಬಾಟಲಿಗಳನ್ನು ಮೇಜಿನ ಕೆಳಗೆ ಜೋಡಿಸಿಡುವ ಪದ್ಧತಿ ಕೆಲವೆಡೆ ಇದೆ. ಎಣಿಕೆಯನ್ನು ಚೀಟಿಯಲ್ಲಿ ಬರೆದುಕೊಳ್ಳಲಿ. ಕ್ರೇಟುಗಳು ಹಿಂದುಗಡೆ ಬೀಗದ ಒಳಗಿರಲಿ, ಮೆಟ್ಟಿಲ ಕೆಳಗೆ ಬೇಡ. ಹೊರಗೆ ಬಿಸಾಡಿದ ಬಾಟಲಿಯ ವಿಚಾರಕ್ಕೆ ನೆರೆಯಲ್ಲೇ ಪಾಠ ಇದೆ. ತಮಿಳುನಾಡಿನ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇಲೆ 2022ರಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ತಂದುಕೊಟ್ಟರೆ ಮರಳಿಸುವ ವ್ಯವಸ್ಥೆ ಶುರುವಾಯಿತು. ಗುಡಿಯ ಹಿಂದೆ, ಗದ್ದೆಯ ಬದುವಿನಲ್ಲಿ ಬಾಟಲಿ ಹೆಕ್ಕುವವರಿಗೂ ಅದು ನಾಲ್ಕು ಕಾಸು. ಗುಂಡ್ಲುಪೇಟೆಯಿಂದ ಘಾಟಿ ಹತ್ತಿದರೆ ನೀಲಗಿರಿಯೇ. ನಮ್ಮ ಕಡೆ ಒಂದು ತಾಲ್ಲೂಕಿನಲ್ಲಾದರೂ ಇದನ್ನು ನಡೆಸಿ ನೋಡಲು ಏನು ಅಡ್ಡಿ?

ಸಿಸಿಟಿವಿ ಎಲ್ಲ ಕಡೆ ಇದೆ. ಕೆಲಸಕ್ಕೆ ಬರುವುದು ಕೆಲವು ಕಡೆ. ಕ್ಯಾಮೆರಾ ಸೂರಿನ ಮೂಲೆಯಲ್ಲಿದ್ದು ತಲೆಯ ಕೂದಲು ಮಾತ್ರ ತೋರಿಸುತ್ತದೆ. ಹೊರಬಾಗಿಲಲ್ಲಿ ಒಂದು ಕ್ಯಾಮೆರಾ ಏಳಡಿ ಎತ್ತರದಲ್ಲಿ, ಹೊರಹೋಗುವವನ ಮುಖ ನೇರ ಬೀಳುವಂತೆ ಇರಬೇಕು. ಎರಡನೆಯದು ವಾಹನ ನಿಲ್ದಾಣಕ್ಕೆ. ನೂರು ಜನ ಒಮ್ಮೆಗೆ ಅಥವಾ ದಿನಕ್ಕೆ ಐನೂರು ಜನ ಬರುವ ಕಡೆ ದೃಶ್ಯವನ್ನು 30 ದಿನ ಉಳಿಸಿಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಚಿಕ್ಕ ಬಾರುಗಳಿಗೂ ಅದೇ ಷರತ್ತು ಹಾಕಿ. ಸಾಮಾನ್ಯವಾಗಿ ಕೈಕೊಡುವುದು ಮೂರು: ಡಿಸ್ಕು ತುಂಬಿ ಹತ್ತೇ ದಿನದ ದೃಶ್ಯ ಉಳಿದಿರುತ್ತದೆ, ಕರೆಂಟು ಹೋಗಿ ಬಂದಾಗ ಗಡಿಯಾರ ತಪ್ಪಿ ರಾತ್ರಿ ಹತ್ತರ ಜಗಳ ಬೆಳಗಿನ ನಾಲ್ಕರದ್ದಾಗಿರುತ್ತದೆ, ಲೆನ್ಸಿನ ಮೇಲೆ ಅಡುಗೆಮನೆಯ ಜಿಡ್ಡು ಕೂತಿರುತ್ತದೆ. ಬೀಟ್ ಪೊಲೀಸರು ತಿಂಗಳಿಗೊಮ್ಮೆ ಹೋಗಿ ‘25 ದಿನದ ಹಿಂದಿನ ರಾತ್ರಿ ಹತ್ತು ಗಂಟೆಯದು ಹಾಕು’ ಎಂದರೆ ಐದು ನಿಮಿಷದಲ್ಲಿ ಮೂರೂ ಪರೀಕ್ಷೆಯಾಗುತ್ತದೆ. ಆ ದೃಶ್ಯ ನ್ಯಾಯಾಲಯಕ್ಕೆ ಹೋಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಹ್ಯಾಷ್ ಮೌಲ್ಯ (ಕಡತವನ್ನು ತಿದ್ದಿಲ್ಲ ಎಂದು ತೋರಿಸುವ ಗುರುತುಸಂಖ್ಯೆ) ಬೇಕು. ಅದರ ನಮೂನೆಯ ಪ್ರತಿ ಪ್ರತಿ ಬಾರಿನ ಕ್ಯಾಷಿಯರ್ ಹತ್ತಿರ ಇರಲಿ. ಪೆನ್‌ಡ್ರೈವಿಗೆ ತುಂಬಿಸಿಕೊಟ್ಟು ಕೈತೊಳೆದುಕೊಂಡ ಸಾಕ್ಷ್ಯ ವಿಚಾರಣೆಯಲ್ಲಿ ಬಿದ್ದುಹೋಗುತ್ತದೆ.

ಇನ್ನು ಪತ್ರದ ಆರಂಭದಲ್ಲಿ ಹೇಳಿದ ಆ ಹಾಳೆ. ಪ್ರತಿ ಅಂಗಡಿಯಲ್ಲಿ ಪುಟಸಂಖ್ಯೆ ಮುದ್ರಿಸಿದ, ಹೊಲಿದ ಒಂದು ಘಟನಾ ಪುಸ್ತಕ ಇಡಿಸಿ. ಅಂಕಣಗಳು ಏಳು ಸಾಕು: ತಾರೀಖು, ಗಂಟೆ, ಜಾಗ (ಒಳಗೋ, ಬಾಗಿಲಲ್ಲೋ, ವಾಹನ ನಿಲ್ದಾಣದಲ್ಲೋ), ಏನಾಯಿತು, ಏನು ಆಯುಧ, ಸಿಬ್ಬಂದಿ ಏನು ಮಾಡಿದರು, 112ಕ್ಕೆ ಕರೆ ಹೋಯಿತೇ. ಸಡಿಲ ಹಾಳೆ, ಫೈಲು ಬೇಡ, ಹಾಳೆ ಹಾರಿಹೋಗುತ್ತದೆ.

ಆದರೆ ಪುಸ್ತಕ ಇಡಿಸಿದ ಮಾತ್ರಕ್ಕೆ ಯಾರೂ ಬರೆಯುವುದಿಲ್ಲ. ಬರೆದರೆ ಸನ್ನದಿಗೆ ಕುತ್ತು ಎಂಬ ಭಯ ಮಾಲೀಕರಿಗೆ. ಈಗಿನ ಪದ್ಧತಿಯಲ್ಲಿ ಆ ಭಯ ಸಕಾರಣವೂ ಹೌದು: ಕರೆ ಮಾಡಿದವನ ಹೆಸರೇ ಠಾಣೆಯಲ್ಲಿ ಮೇಲೆ ಬರುತ್ತದೆ, ಗಲಾಟೆಯನ್ನು ಮುಚ್ಚಿಟ್ಟವನು ಸಾಧು. ಇದನ್ನು ನೀವು ತಿರುಗಿಸಬೇಕು. ಬರೆದ, ಕರೆಮಾಡಿದ ಘಟನೆ ಅಂಗಡಿಯ ಪರವಾಗಿ. ಬರೆಯದೆ ಬೇರೆ ಕಡೆಯಿಂದ ಗೊತ್ತಾದ ಘಟನೆ ಅಂಗಡಿಯ ವಿರುದ್ಧ. ಈ ಒಂದು ಸಾಲು ಲಿಖಿತ ಸುತ್ತೋಲೆಯಾಗಿ ಹೊರಬರದೆ ಮಿಕ್ಕಿದ್ದೆಲ್ಲ ಕೆಲಸಕ್ಕೆ ಬಾರದು.

ಬೇರೆ ಕಡೆ ಎಂದರೆ ಆಸ್ಪತ್ರೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರವೈದ್ಯರು ಒಂದು ಸರಳ ವಿಷಯ ಗಮನಿಸಿದರು. ಹೊಡೆದಾಟದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬರುವವರಲ್ಲಿ ಬಹಳ ಜನರ ವಿಷಯ ಪೊಲೀಸರಿಗೆ ಗೊತ್ತೇ ಇರುತ್ತಿರಲಿಲ್ಲ. ಗಾಯಾಳುವಿನ ಹೆಸರಿಲ್ಲದೆ, ಎಲ್ಲಿ, ಯಾವಾಗ, ಯಾವುದರಿಂದ ಎಂಬ ವಿವರವನ್ನು ಮಾತ್ರ ಆಸ್ಪತ್ರೆ ಪೊಲೀಸರಿಗೆ ಕೊಡುವ ಪದ್ಧತಿ ಅಲ್ಲಿ ಬೆಳೆಯಿತು. ಈಗ ಅದು ಕಾರ್ಡಿಫ್ ಮಾದರಿ ಎಂದೇ ಹೆಸರಾಗಿದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಂಎಲ್‌ಸಿ ಪುಸ್ತಕ, ಅಂದರೆ ಪೊಲೀಸ್ ಪ್ರಕರಣವಾಗಬಹುದಾದ ಗಾಯಗಳನ್ನು ಬರೆದಿಡುವ ಪುಸ್ತಕ ಇದ್ದೇ ಇದೆ. ಅದರಲ್ಲಿ ‘ಹಲ್ಲೆ’ ಎಂದು ಬರೆದು ಬಿಡುತ್ತಾರೆ. ‘ಜಾಗ’ ಎಂಬಲ್ಲಿ ಊರಿನ ಹೆಸರಿನ ಬದಲು ಯಾವ ಅಂಗಡಿಯ ಬಳಿ ಎಂದು ಕೇಳಿ ಬರೆದರೆ, ತಿಂಗಳ ಕೊನೆಗೆ ಹೆಸರಿಲ್ಲದ ಪಟ್ಟಿ ಅಬಕಾರಿ ವಲಯ ಕಚೇರಿಗೆ ಹೋದರೆ ಅಂಗಡಿಯ ಪುಸ್ತಕದ ಜೊತೆ ಹೊಂದಿಸಿ ನೋಡುವುದು ಅರ್ಧ ಗಂಟೆಯ ಕೆಲಸ.

ಪೊಲೀಸರಿಗೂ ಇದೇ ಮಾತು. ಠಾಣಾ ಡೈರಿಯಲ್ಲಿ, ದೂರಿನಲ್ಲಿ ‘ಬಾರೊಂದರ ಬಳಿ’ ಎಂದು ಬರೆದರೆ ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಸನ್ನದಿನ ಸಂಖ್ಯೆ ಬರೆಯಿರಿ. ಅಂಗಡಿಯ ಫಲಕದಲ್ಲಿ ಅದು ಇರುತ್ತದೆ. ಬೀಟಿನವರು ಸಂಜೆ ಆರಕ್ಕೆ ಹೋಗಿ ಸಹಿ ಹಾಕಿ ಬರುವ ಬದಲು ಮುಚ್ಚುವ ಹೊತ್ತಿಗೆ ಇಪ್ಪತ್ತು ನಿಮಿಷ ನಿಲ್ಲಲಿ. ಕುಡಿದು ಗಾಡಿ ಓಡಿಸುವವರ ತಪಾಸಣೆಯನ್ನು ಬಾರಿನ ಮುಂದೆಯೇ ಹಾಕಿದರೆ ಎಲ್ಲರೂ ಹಿಂದಿನ ಗಲ್ಲಿ ಹಿಡಿಯುತ್ತಾರೆ, ಆ ಗಲ್ಲಿಯಲ್ಲಿ ಮಕ್ಕಳಿರುತ್ತಾರೆ. ಊರಿನಿಂದ ಹೊರಹೋಗುವ ರಸ್ತೆಗಳಲ್ಲಿ, ಜಾಗ ಬದಲಿಸುತ್ತ ಹಾಕಿ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ರಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂಬುದನ್ನು ಬಾರಿನ ಬಿಲ್ಲಿನ ಕೆಳಗೆ ಮುದ್ರಿಸಲಿ. ಕುಡಿದು ದಾರಿಬದಿ ಮಲಗಿದವರ ಫೋನು, ಪರ್ಸು ಎಗರಿಸುವವರ ಬಗ್ಗೆ ದೂರೇ ಬರುವುದಿಲ್ಲ, ಕಳೆದುಕೊಂಡವನಿಗೆ ನಾಚಿಕೆ. ಬಟವಾಡೆಯ ರಾತ್ರಿ ಗಸ್ತು ಹಾಕಿದರೆ ಅವರು ಕೈಗೇ ಸಿಗುತ್ತಾರೆ.

ದೂರದ ನಿಯಮದ ಬಗ್ಗೆ ಅತಿಯಾದ ನಂಬಿಕೆ ಬೇಡ. ಶಾಲೆ, ದೇವಸ್ಥಾನ, ಆಸ್ಪತ್ರೆಗಳಿಂದ 100 ಮೀಟರ್ ಇರಬೇಕೆಂದು 1967ರ ಅಬಕಾರಿ ಸನ್ನದು ನಿಯಮಗಳು ಹೇಳುತ್ತವೆ. ಅಳೆಯುವುದು ನೇರ ಗೆರೆ ಎಳೆದು ಅಲ್ಲ, ಜನ ನಡೆದುಹೋಗುವ ಹತ್ತಿರದ ದಾರಿಯಲ್ಲಿ, ಬಾಗಿಲಿನ ನಡುವಿನಿಂದ ಗೇಟಿನ ನಡುವಿಗೆ. ಹಾಗಾಗಿ ಬಾಗಿಲನ್ನು ಹಿಂದಕ್ಕೆ ತಿರುಗಿಸಿದರೆ ಅಂತರ ಸಿಕ್ಕಿಬಿಡುತ್ತದೆ, ಗಲಾಟೆ ಹಿತ್ತಿಲ ಬೀದಿಗೆ ಹೋಗುತ್ತದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಎಂದಾಗ ಆದದ್ದೂ ಇದೇ. ಹೆದ್ದಾರಿಯ ಅಪಘಾತ ತಪ್ಪಿಸಲು ಬಂದ ಆದೇಶ, ಅಂಗಡಿಗಳು ಊರೊಳಗಿನ ಮನೆಗಳ ನಡುವೆ ಬಂದು ಕೂತವು. ಅಲ್ಲಿ ಬೀದಿದೀಪವೂ ಇರಲಿಲ್ಲ, ಬೀಟೂ ಇರಲಿಲ್ಲ.

ಮದ್ಯ ಮಾರಲು ಗಿರಾಕಿಗೆ ಆಗಿರಬೇಕಾದ ವಯಸ್ಸಿನದೂ ಒಂದು ಗೊಂದಲ ಉಳಿದಿದೆ. ಅಬಕಾರಿ ಕಾಯ್ದೆಯಲ್ಲಿ 18, ನಿಯಮಗಳಲ್ಲಿ 21. ನಿಯಮವನ್ನೂ 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಹೊರಬಂದು ವಿರೋಧದ ಮೇಲೆ ಹಿಂದೆ ಸರಿಯಿತು. ಕ್ಯಾಷಿಯರ್‌ಗೆ ಒಂದೇ ಸಂಖ್ಯೆ ಹೇಳಿ: 21. ಹದಿನೆಂಟಾಗದವನಿಗೆ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಸೆರೆ ಎಂಬುದನ್ನೂ ಹೇಳಿ, ಬಹಳ ಜನರಿಗೆ ಗೊತ್ತಿಲ್ಲ.

ಅಧಿಕಾರ ನಿಮಗೆ ಸಾಲದು ಎಂದಲ್ಲ. ಶಾಂತಿ ಕಾಪಾಡಲು ಅಂಗಡಿ ಮುಚ್ಚಿಸಲು ಅಬಕಾರಿ ಕಾಯ್ದೆಯ 21ನೇ ಕಲಂ ಇದೆ, ಸನ್ನದು ಅಮಾನತು ಮತ್ತು ರದ್ದಿಗೆ 29ನೇ ಕಲಂ ಇದೆ. ಆದೇಶಗಳು ಮೇಲ್ಮನವಿಯಲ್ಲಿ ಬೀಳುವುದು ಅಧಿಕಾರ ಇಲ್ಲದ್ದಕ್ಕಲ್ಲ, ಕಾಗದ ಇಲ್ಲದ್ದಕ್ಕೆ. ‘ಸಾರ್ವಜನಿಕರ ವಿರೋಧವಿದೆ’ ಎಂಬ ಒಂದು ಸಾಲು ನಿಲ್ಲುವುದಿಲ್ಲ. ನೋಟಿಸು ಕೊಟ್ಟು, ಉತ್ತರ ಕೇಳಿ, ಇಂಥ ತಾರೀಖು, ಇಂಥ ಗಂಟೆ, ಇಂಥ ಗಾಯ, ಪುಸ್ತಕದಲ್ಲಿ ನಮೂದಿಲ್ಲ ಎಂದು ಬರೆದ ಆದೇಶ ನಿಲ್ಲುತ್ತದೆ. ಮತ್ತೊಂದು ಮಾತು: ಒಮ್ಮೆಗೇ ರದ್ದು ಎಂದು ಹೋಗಬೇಡಿ. ಮೊದಲು ಕಟಾಂಜನ, ದೀಪ, ಕ್ಯಾಮೆರಾಕ್ಕೆ 15 ದಿನದ ಗಡುವು. ಆಗದಿದ್ದರೆ ಒಂದು ವಾರ ಬಂದ್, ಅದೂ ಶನಿವಾರ ಸೇರುವಂತೆ. ರದ್ದಿನ ಬೆದರಿಕೆಯನ್ನು ಯಾವ ಮಾಲೀಕರೂ ನಂಬುವುದಿಲ್ಲ. 2025-26ಕ್ಕೆ 40,000 ಕೋಟಿ ರೂಪಾಯಿ ಅಬಕಾರಿ ಗುರಿ ಹೊತ್ತ ಇಲಾಖೆ ತನ್ನ ಅಂಗಡಿಯನ್ನು ತಾನೇ ಮುಚ್ಚುವುದಿಲ್ಲ ಎಂದು ಅವರಿಗೆ ಗೊತ್ತು. ಒಂದು ಶನಿವಾರ ಹೋದರೆ ಎಷ್ಟು ಹೋಯಿತು ಎಂಬುದೂ ಗೊತ್ತು.

ಹಳ್ಳಿಗಳ ಕಿರಾಣಿ ಅಂಗಡಿ, ಹೋಟೆಲುಗಳಲ್ಲಿ ನಡೆಯುವ ಅಕ್ರಮ ಮಾರಾಟ ಬೇರೆಯೇ ಪತ್ರ ಬೇಡುತ್ತದೆ. ಒಂದನ್ನು ಮಾತ್ರ ಇಲ್ಲಿ ಹೇಳಬೇಕು: ಆ ಮಾಲು ಆಕಾಶದಿಂದ ಬೀಳುವುದಿಲ್ಲ, ಹತ್ತಿರದ ಸನ್ನದುದಾರರ ಹಿಂಬಾಗಿಲಿನಿಂದ ಬೆಳಿಗ್ಗೆಯೇ ಬಾಕ್ಸುಗಟ್ಟಲೆ ಹೊರಡುತ್ತದೆ. ಜಪ್ತಿಯಾದ ಪ್ಯಾಕಿನ ಬ್ಯಾಚ್ ಸಂಖ್ಯೆ ಹಿಡಿದು, ಅಂಗಡಿಗಳಿಗೆ ಮದ್ಯ ಪೂರೈಸುವ ಸರ್ಕಾರಿ ಪಾನೀಯ ನಿಗಮದ ಡಿಪೊದಿಂದ ಅದು ಯಾವ ಅಂಗಡಿಗೆ ಹೋಗಿತ್ತು ಎಂದು ಹುಡುಕಿ. ಅಜ್ಜಿಯೊಬ್ಬಳ ಮೇಲೆ ಕೇಸು ಹಾಕಿ ಲೆಕ್ಕ ತೋರಿಸಬೇಡಿ.

ಓದುತ್ತಿರುವ ನಾಗರಿಕರಿಗೆ: ದೂರು ಬರೆಯುವಾಗ ‘ತುಂಬ ತೊಂದರೆಯಾಗಿದೆ’ ಎಂದು ಬರೆಯಬೇಡಿ. ಸನ್ನದಿನ ಸಂಖ್ಯೆ, ಮೂರು ತಾರೀಖು, ಗಂಟೆ, ಏನು ಕಂಡಿರಿ, 112ಕ್ಕೆ ಕರೆ ಮಾಡಿದ ಸಮಯ, ಗಂಟೆ ಕಾಣುವ ಫೋಟೊ. ವೈನ್ಸಿನಲ್ಲಿ ಕುಡಿಸುವುದು, ಹೊತ್ತು ಮೀರಿ ಮಾರುವುದು ಅಬಕಾರಿ ವಲಯ ನಿರೀಕ್ಷಕರಿಗೆ. ಹೊಡೆದಾಟ, ರಾತ್ರಿ ಹತ್ತರ ಮೇಲಿನ ಧ್ವನಿವರ್ಧಕ ಠಾಣೆಗೆ. ಪ್ಲಾಸ್ಟಿಕ್ ಲೋಟ, ಗಾಡಿ, ಬೀದಿದೀಪ, ಖಾಲಿ ಸೈಟು ಪುರಸಭೆಗೆ. 30, 60 ಮಿ.ಲೀ. ಅಳತೆಯಲ್ಲಿ ಮೋಸವಾದರೆ ಕಾನೂನು ಮಾಪನ ಇಲಾಖೆಗೆ. ಒಂದೇ ಅರ್ಜಿಯನ್ನು ನಾಲ್ಕೂ ಕಡೆ ಕೊಟ್ಟರೆ ನಾಲ್ವರೂ ಅದನ್ನು ಒಬ್ಬರಿಂದೊಬ್ಬರಿಗೆ ಕಳಿಸುತ್ತ ಕೂರುತ್ತಾರೆ. ಬೇರೆ ಬೇರೆ ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಮಾನ್ಯರೇ, ಕಡತಕ್ಕೆ ಸಹಿ ಹಾಕುವ ಮುನ್ನ ನಿಮ್ಮ ಜಿಲ್ಲೆಯಲ್ಲಿ ಹೆಚ್ಚು ಗಲಾಟೆಯ ಹತ್ತು ಅಂಗಡಿ ಯಾವುವು ಎಂದು ಅಬಕಾರಿ, ಪೊಲೀಸ್, ಆರೋಗ್ಯ ಮೂರೂ ಇಲಾಖೆಯನ್ನು ಬೇರೆ ಬೇರೆ ಕೇಳಿ. ಮೂರು ಪಟ್ಟಿಯಲ್ಲೂ ಇರುವ ಹೆಸರುಗಳ ಮುಂದೆ ಒಂದು ಶನಿವಾರ ರಾತ್ರಿ, ಸರ್ಕಾರಿ ಗಾಡಿ ದೂರ ನಿಲ್ಲಿಸಿ, ಮುಚ್ಚುವ ಹೊತ್ತಿಗೆ ನಡೆದುಹೋಗಿ. ನವೀಕರಣದ ಷರತ್ತುಗಳನ್ನು ಆ ರಾತ್ರಿಯೇ ಬರೆಯಿರಿ, ಜೂನ್ 30ರೊಳಗೆ ಅಂಗಡಿವಾರು ಜಿಲ್ಲಾಡಳಿತದ ಜಾಲತಾಣದಲ್ಲಿ ಹಾಕಿ. ಜುಲೈ ಮೊದಲ ವಾರ ಅವನ್ನು ಹಿಡಿದುಕೊಂಡು ಅಂಗಡಿ ಅಂಗಡಿಗೆ ಹೋಗಿ ಕಟಾಂಜನದ ಅಗಲ ಅಳೆಯಲು ನಾವು ಸಿದ್ಧ.

ಇಂತಿ,
ಮದ್ಯದಂಗಡಿಗಳ ಅಕ್ಕಪಕ್ಕದ ಬೀದಿಗಳ ನಾಗರಿಕರು